ಸಾಲಿಯ ಬಾಗಿಲು, ಬೋರ್ಡಿಂಗಿನ ಒಲೆ

ಧಾರವಾಡದ ಮಹಾರ ಹುಡುಗನೊಬ್ಬ 1856ರ ಜೂನ್ ತಿಂಗಳಲ್ಲಿ ಮುಂಬಯಿ ಸರಕಾರಕ್ಕೆ ಅರ್ಜಿ ಬರೆದುಕೊಂಡ. ಊರಿನ ಸರಕಾರಿ ಸಾಲಿಯಲ್ಲಿ ತನ್ನನ್ನು ಸೇರಿಸಿಕೊಳ್ಳುತ್ತಿಲ್ಲ, ಸೇರಿಸಿಕೊಳ್ಳಲು ಅಪ್ಪಣೆಯಾಗಬೇಕು. ಅಷ್ಟೇ ಅವನ ಬೇಡಿಕೆ. ಸರಕಾರ ತಡಮಾಡಲಿಲ್ಲ, ಜುಲೈ 21ಕ್ಕೇ ನಿರ್ಣಯ ಹೊರಬಿತ್ತು. ನಮ್ಮ ಕಡೆ ಬಡವನ ಅರ್ಜಿಯೊಂದಕ್ಕೆ ಇಷ್ಟು ಬೇಗ ಉತ್ತರ ಬಂದದ್ದು ಅಪರೂಪ. ಉತ್ತರ ಮಾತ್ರ ‘ಆಗುವುದಿಲ್ಲ’ ಎಂದಿತ್ತು.

ಆ ನಿರ್ಣಯದ ಜಾಣತನವನ್ನು ಸ್ವಲ್ಪ ನಿಂತು ನೋಡಬೇಕು. ತತ್ತ್ವದ ಮಟ್ಟಿಗೆ ನ್ಯಾಯ ಅರ್ಜಿದಾರನ ಕಡೆಗೇ ಇದೆ, ಅದರಲ್ಲಿ ಸಂಶಯವೇ ಇಲ್ಲ ಎಂದು ಸರಕಾರ ಮೊದಲು ಒಪ್ಪಿಕೊಳ್ಳುತ್ತದೆ. ಅವನಿಗೆ ಅಡ್ಡಬಂದಿರುವ ಜನರ ಪೂರ್ವಗ್ರಹ ಬೇಗ ನೀಗಲಿ ಎಂದು ಹಾರೈಸುತ್ತದೆ. ಆಮೇಲೆ ತಿರುಗುತ್ತದೆ: ಒಬ್ಬಿಬ್ಬರ ಸಲುವಾಗಿ ಯುಗಯುಗಾಂತರದ ನಂಬಿಕೆಗೆ ಒಮ್ಮೆಲೇ ಕೈಹಾಕಿದರೆ ಶಿಕ್ಷಣದ ಕೆಲಸಕ್ಕೇ ಧಕ್ಕೆ ಬಂದೀತು, ಈ ಅನಾನುಕೂಲವನ್ನು ಹುಟ್ಟಿಸಿದ್ದು ಈ ಸರಕಾರವಲ್ಲ, ಆದ್ದರಿಂದ ನಡುವೆ ಬಂದು ತೆಗೆದುಹಾಕುವುದೂ ಈ ಸರಕಾರದ ಕೈಯಲ್ಲಿಲ್ಲ. ನ್ಯಾಯ ನಿನ್ನದೇ, ಸೀಟು ಮಾತ್ರ ನಿನ್ನದಲ್ಲ. ಮುಂದಿನ ನೂರು ವರ್ಷ ಪಂಚಾಯತಿ ಕಟ್ಟೆಯಿಂದ ಶಾಸನಸಭೆಯ ತನಕ ಇದೇ ಮಾತು ಬೇರೆ ಬೇರೆ ವೇಷದಲ್ಲಿ ಓಡಾಡಿತು.

ಕಾಗದ ಧಾರವಾಡ, ಮುಂಬಯಿಗಳಲ್ಲಿ ನಿಲ್ಲಲಿಲ್ಲ. 1857ರ ಜನವರಿಯಲ್ಲಿ ಕಲಕತ್ತೆಯ ಭಾರತ ಸರಕಾರ ಮುಂಬಯಿಗೆ ಬರೆಯಿತು. ನೀವು ಮಾಡಿದ್ದು ವಿವೇಕದ ಕೆಲಸವೇ ಇರಬಹುದು, ಆದರೆ ಬಂಗಾಲದ ಯಾವ ಸರಕಾರಿ ಸಾಲಿಯೂ ಈ ಹುಡುಗನನ್ನು ಹೊರಗೆ ನಿಲ್ಲಿಸುತ್ತಿರಲಿಲ್ಲ ಎಂಬುದು ಅದರ ಸಾರ. ಮರುವರ್ಷ ಏಪ್ರಿಲ್ 28ರಂದು ಲಂಡನ್ನಿನಿಂದ ಕಂಪನಿಯ ನಿರ್ದೇಶಕರ ಮಂಡಳಿಯ ಆದೇಶ ಬಂತು: ಸರಕಾರದ ಸಾಲಿಗಳು ಎಲ್ಲ ವರ್ಗಕ್ಕೂ ತೆರೆದಿರಬೇಕೆಂಬುದೇ ನಮ್ಮ ಉದ್ದೇಶ, ಆ ತತ್ತ್ವವನ್ನು ಬಿಟ್ಟುಕೊಡಲು ಬರುವುದಿಲ್ಲ. ಅಷ್ಟರಲ್ಲಿ ಉತ್ತರ ಹಿಂದುಸ್ತಾನದಲ್ಲಿ ದಂಗೆಯೆದ್ದು, ಆ ವರ್ಷವೇ ಕಂಪನಿಯ ಆಡಳಿತವೂ ಮುಗಿಯಿತು. ಹೋಗುವ ಹೊತ್ತಿಗೆ ಕಂಪನಿ ಬಿಟ್ಟುಹೋದ ಒಳ್ಳೆಯ ಕಾಗದಗಳಲ್ಲಿ ಇದೊಂದು. 1882ರ ಹಂಟರ್ ಆಯೋಗವೂ ಈ ತತ್ತ್ವವನ್ನು ಎತ್ತಿಹಿಡಿಯಿತು. ಆದರೆ ಜನ ಒಪ್ಪದ ಕಡೆ ಬೇರೆ ಸಾಲಿ ತೆರೆಯಿರಿ ಎಂಬ ಹಿಂದಿನ ಬಾಗಿಲನ್ನೂ ಅದರ ಜೊತೆಗೇ ಇಟ್ಟಿತು. ಮುಂಬಯಿ ಇಲಾಖೆಯಲ್ಲಿ ಆಮೇಲೆ ಹೆಚ್ಚು ಬಳಕೆಯಾದದ್ದು ಆ ಹಿಂದಿನ ಬಾಗಿಲೇ. ಮುಂದಿನ ಬಾಗಿಲಲ್ಲಿ ಹೋದವರು ಎಷ್ಟೋ ಕಡೆ ಪಡಸಾಲೆಯಲ್ಲಿ, ತಮ್ಮ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಕೂತರು.

ಬೈರಿದೇವರಕೊಪ್ಪದ ಸ್ಮರಣ ಸಂಚಿಕೆಗೆ ಧಾರವಾಡದ ಸಾಲಿಯ ಕಥೆ ಯಾಕೆ ಎಂದು ಯಾರಾದರೂ ಕೇಳಬಹುದು. ಈ ಊರು ಹುಬ್ಬಳ್ಳಿ–ಧಾರವಾಡ ರಸ್ತೆಯ ಮೇಲಿದೆ, ಹುಬ್ಬಳ್ಳಿಗೆ ಹತ್ತಿರ, ಧಾರವಾಡಕ್ಕೆ ತುಸು ದೂರ. ಇಲ್ಲಿ ಹೇಳಹೊರಟಿರುವ ಸಂಸ್ಥೆಗಳೆಲ್ಲ ಈ ರಸ್ತೆಯ ಎರಡು ತುದಿಗಳಲ್ಲಿ ಹುಟ್ಟಿದವು. ಈಗ ಪಕ್ಕದ ನವನಗರದಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯವೇ ಬಂದು ಕೂತಿದೆ. ಇನ್ನೊಂದು ಕಾರಣವೂ ಇದೆ. ಇಂಥ ಹಳ್ಳಿಗಳ ಕಡೆಯಿಂದ ನೋಡಿದಾಗಲೇ ಒಂದು ಸಂಗತಿ ಎದ್ದು ಕಾಣುತ್ತದೆ: ಪೇಟೆಯ ಸಾಲಿಯ ಬಾಗಿಲು ತೆರೆದಿದೆ ಎಂದಾದರೂ ಹಳ್ಳಿಯ ಹುಡುಗ ರಾತ್ರಿ ಎಲ್ಲಿ ಮಲಗಬೇಕು, ಏನು ಉಣ್ಣಬೇಕು?

ಹಳೆಯ ಧಾರವಾಡದಲ್ಲಿ ಬಡ ವಿದ್ಯಾರ್ಥಿಗಳು ಓದಿದ್ದು ಮೂರು ಬಗೆಯ ಊಟದ ಮೇಲೆ. ಬ್ರಾಹ್ಮಣ ಹುಡುಗರಿಗೆ ವಾರಾನ್ನವಿತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಲಿಂಗಾಯತ ಹುಡುಗರಿಗೆ ಮಠದ ಪ್ರಸಾದವಿತ್ತು. ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು ನಡೆಸಿದ ಪ್ರಸಾದನಿಲಯದ ಹಂಗಿಲ್ಲದೆ ಓದಿದ ಹಳಬರು ಈ ಭಾಗದಲ್ಲಿ ಕಡಿಮೆ. ಕೈಯಲ್ಲಿ ನಾಲ್ಕು ಕಾಸಿದ್ದವರಿಗೆ ಖಾನಾವಳಿ. 1917ರಲ್ಲಿ ಕರ್ನಾಟಕ ಕಾಲೇಜು ತೆರೆದ ಮೇಲೆ ಜಾತಿಗೊಂದರಂತೆ ಬೋರ್ಡಿಂಗುಗಳು ಎದ್ದವು. ಇವೆಲ್ಲ ಪುಣ್ಯದ ಕೆಲಸಗಳೇ. ಈ ಭಾಗದ ವಕೀಲರು, ಮಾಸ್ತರರು, ಮಾಮಲೇದಾರರು ತಯಾರಾದದ್ದು ಇಲ್ಲೇ. ಆದರೆ ಹೊಲಗೇರಿಯ ಹುಡುಗನಿಗೆ ವಾರಾನ್ನದ ಮನೆ ಇರಲಿಲ್ಲ, ಮಠದ ಪಂಕ್ತಿ ಇರಲಿಲ್ಲ, ಖಾನಾವಳಿಯವನು ಒಳಗೆ ಬಿಡುತ್ತಿರಲಿಲ್ಲ. ಲಂಡನ್ನಿನ ಆದೇಶ ಸಾಲಿಯ ಬಾಗಿಲ ಮಾತನ್ನಷ್ಟೇ ಆಡಿತ್ತು. ಊಟದ ವಿಚಾರ ಅದಕ್ಕೆ ಹೊಳೆದಿರಲಿಕ್ಕಿಲ್ಲ. ಧಾರವಾಡದಲ್ಲಿ 1837ರಿಂದ, ಹುಬ್ಬಳ್ಳಿಯಲ್ಲಿ 1839ರಿಂದ ಇದ್ದ ಬಾಸೆಲ್ ಮಿಶನ್ನಿನವರು ಮಾತ್ರ ಈ ಲೆಕ್ಕಕ್ಕೆ ಹೊರಗೆ ನಿಂತರು.

ಹೊಲಗೇರಿಯ ಮಕ್ಕಳಿಗೂ ಬೋರ್ಡಿಂಗು ಬೇಕೆಂದು ಮೊದಲು ಕಂಡುಕೊಂಡವರಲ್ಲಿ ನಮ್ಮ ಸೀಮೆಯವರೇ ಇದ್ದರು. ಕಾಸರಗೋಡು ಸೀಮೆಯ ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತ ವರ್ಗಗಳ ಮಿಶನ್ ಕಟ್ಟಿದರು. ಜಮಖಂಡಿಯಲ್ಲಿ ಹುಟ್ಟಿದ ಮರಾಠಾ ಯುವಕ ವಿಠ್ಠಲ ರಾಮಜಿ ಶಿಂಧೆ 1906ರಲ್ಲಿ ಮುಂಬಯಿಯಲ್ಲಿ ಅಂಥದೇ ಮಿಶನ್ ಆರಂಭಿಸಿದರು, ಅದರ ಒಂದು ಶಾಖೆ ಹುಬ್ಬಳ್ಳಿಗೂ ಬಂತು. ಕೊಲ್ಲಾಪುರದ ಶಾಹೂ ಮಹಾರಾಜರು ಅಸ್ಪೃಶ್ಯ ಮಕ್ಕಳಿಗಾಗಿ 1908ರಲ್ಲಿ ಮಿಸ್ ಕ್ಲಾರ್ಕ್ ವಸತಿಗೃಹ ತೆರೆದರು. 1919ರಲ್ಲಿ ಇನ್ನೂ ಮುಂದೆ ಹೋಗಿ, ತಮ್ಮ ಸಂಸ್ಥಾನದ ಅಸ್ಪೃಶ್ಯರ ಪ್ರತ್ಯೇಕ ಸಾಲಿಗಳನ್ನೇ ಮುಚ್ಚಿಸಿ ಮಕ್ಕಳನ್ನು ಎಲ್ಲರ ಸಾಲಿಗೆ ಕಳಿಸಿದರು. ಹಾಗೆ ನೋಡಿದರೆ ಅಮೆರಿಕದ ಸುಪ್ರೀಂ ಕೋರ್ಟು ‘ಬೇರೆ, ಆದರೆ ಸಮಾನ’ ಎಂಬ ಮಾತನ್ನು ಸಾಲಿಗಳ ಮಟ್ಟಿಗೆ ಕಿತ್ತುಹಾಕಿದ್ದು 1954ರ ಮೇ 17ರಂದು. ಅದಕ್ಕೆ ಮೂವತ್ತೈದು ವರ್ಷ ಮೊದಲೇ ನಮ್ಮ ಪಕ್ಕದ ಸಂಸ್ಥಾನದಲ್ಲಿ ಒಬ್ಬ ರಾಜ ಒಂದು ಹುಕುಮಿನಲ್ಲಿ ಆ ಕೆಲಸ ಮುಗಿಸಿದ್ದ. ರಾಜನಾಗಿದ್ದರಿಂದ ಸುಲಭವಾಯಿತು ಎನ್ನುವವರಿಗೆ, ಬೇರೆ ರಾಜರೂ ಬೇಕಾದಷ್ಟು ಮಂದಿ ಇದ್ದರಲ್ಲ ಎಂದು ಹೇಳಬೇಕಾಗುತ್ತದೆ.

ಅಮೆರಿಕದ ಮಾತು ಬಂದದ್ದಕ್ಕೆ ಒಂದು ಹೋಲಿಕೆ. ಧಾರವಾಡದ ಅರ್ಜಿಗೆ ಏಳು ವರ್ಷ ಮೊದಲು, 1849ರಲ್ಲಿ, ಬಾಸ್ಟನ್ ಪಟ್ಟಣದಲ್ಲಿ ಸಾರಾ ರಾಬರ್ಟ್ಸ್ ಎಂಬ ಕರಿಯ ಹುಡುಗಿಯ ಪರವಾಗಿ ಅವಳ ತಂದೆ ಕೋರ್ಟಿನಲ್ಲಿ ಹೋರಾಡುತ್ತಿದ್ದ. ಮನೆಯ ಹತ್ತಿರದ ಬಿಳಿಯರ ಸಾಲಿಗಳನ್ನು ದಾಟಿ ಆ ಐದು ವರ್ಷದ ಹುಡುಗಿ ದೂರದ ಕರಿಯರ ಸಾಲಿಗೆ ನಡೆಯಬೇಕಿತ್ತು. 1850ರಲ್ಲಿ ಮ್ಯಾಸಚೂಸೆಟ್ಸ್ ಕೋರ್ಟು ಅವಳ ವಿರುದ್ಧ ತೀರ್ಪಿತ್ತಿತು. ಪೂರ್ವಗ್ರಹವನ್ನು ಕಾನೂನು ಹುಟ್ಟಿಸಿಲ್ಲ, ಕಾನೂನಿನಿಂದ ಅದು ಬದಲಾಗುವುದೂ ಸಾಧ್ಯವಿಲ್ಲವೇನೋ ಎಂಬ ಧಾಟಿ ಅಲ್ಲಿಯೂ ಇತ್ತು. ಬಾಸ್ಟನ್ನಿನ ನ್ಯಾಯಾಧೀಶನೂ ಮುಂಬಯಿಯ ಸಾಹೇಬರೂ ಒಬ್ಬರನ್ನೊಬ್ಬರು ಓದಿಕೊಂಡಿರಲಾರರು. ಆದರೂ ಇಬ್ಬರ ಸಬೂಬೂ ಒಂದೇ. ವ್ಯತ್ಯಾಸ ಆಮೇಲಿನದು. ಬಾಸ್ಟನ್ನಿನಲ್ಲಿ ಸಾರಾಳ ಬೆನ್ನಿಗೆ ವಕೀಲರಿದ್ದರು, ಪತ್ರಿಕೆಗಳಿದ್ದವು, ಸಹಿ ಮಾಡುವ ನೆರೆಹೊರೆಯಿತ್ತು. 1855ರಲ್ಲಿ ಆ ರಾಜ್ಯದ ಶಾಸನಸಭೆಯೇ ಭೇದವನ್ನು ನಿಷೇಧಿಸಿತು. ಧಾರವಾಡದ ಹುಡುಗನ ಬೆನ್ನಿಗೆ ಸಂಘವೂ ಇರಲಿಲ್ಲ, ಬೋರ್ಡಿಂಗೂ ಇರಲಿಲ್ಲ.

ಸಂಘ ಬಂದದ್ದು 1920ರ ದಶಕದಲ್ಲಿ. 1923ರ ಆಗಸ್ಟ್ 4ರಂದು ಮುಂಬಯಿ ಶಾಸನಸಭೆಯಲ್ಲಿ ಎಸ್. ಕೆ. ಬೋಲೆ ಅವರ ಠರಾವು ಪಾಸಾಯಿತು: ಸಾರ್ವಜನಿಕ ಹಣದಿಂದ ಕಟ್ಟಿ ನಡೆಸುವ ಕೆರೆ, ಬಾವಿ, ಧರ್ಮಶಾಲೆ, ಸಾಲಿ, ಕೋರ್ಟು, ದವಾಖಾನೆಗಳನ್ನು ಅಸ್ಪೃಶ್ಯರೂ ಬಳಸಬಹುದು. ಧಾರವಾಡ ಜಿಲ್ಲೆಯೂ ಮುಂಬಯಿ ಇಲಾಖೆಯಲ್ಲೇ ಇದ್ದುದರಿಂದ ನಮಗೂ ಇದು ಲಾಗೂ ಆಯಿತು, ಕಾಗದದ ಮೇಲೆ. ಆ ಕಾಗದವನ್ನು ಕೆರೆಯ ದಂಡೆಗೆ ಒಯ್ದವರು ಡಾ. ಅಂಬೇಡ್ಕರ್. 1927ರ ಮಾರ್ಚ್ 20ರಂದು ಮಹಾಡದಲ್ಲಿ ಸಾವಿರಾರು ಜನ ಸಾಲಾಗಿ ನಡೆದು ಚವದಾರ ಕೆರೆಯ ನೀರು ಕುಡಿದರು. ಅದೇ ಡಿಸೆಂಬರಿನಲ್ಲಿ ಮತ್ತೆ ಸೇರಿದಾಗ ಎದುರಾಳಿಗಳು ಕೋರ್ಟಿನಿಂದ ತಾತ್ಕಾಲಿಕ ತಡೆಯಾಜ್ಞೆ ತಂದಿಟ್ಟಿದ್ದರು. ಸಾವಿರಾರು ಜನ ಸಿದ್ಧರಾಗಿ ಕೂತಿದ್ದಾರೆ, ಕೆರೆ ಕಣ್ಣೆದುರಿಗಿದೆ. ಅಂಬೇಡ್ಕರ್ ಅಂದು ನೀರು ಮುಟ್ಟಿಸದೆ ಸತ್ಯಾಗ್ರಹವನ್ನು ಮುಂದೂಡಿ, ಕೋರ್ಟಿನಲ್ಲೇ ಹೋರಾಡಲು ನಿರ್ಧರಿಸಿದರು. ಮುಂಬಯಿ ಹೈಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟದ್ದು 1937ರ ಮಾರ್ಚ್ 17ರಂದು. ಹತ್ತು ವರ್ಷ. ಸತ್ಯಾಗ್ರಹ ಅಂದಕೂಡಲೇ ನಮಗೆ ಜೈಲು, ಉಪವಾಸ ನೆನಪಾಗುತ್ತವೆ. ತಡೆಯಾಜ್ಞೆಗೆ ತಲೆಬಾಗಿ ಹತ್ತು ವರ್ಷ ತಾರೀಖು ಕಾಯುವುದಕ್ಕೆ ಬೇಕಾದ ಸಹನೆಯನ್ನು ಯಾರೂ ಸತ್ಯಾಗ್ರಹದ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈ ನಡುವೆ, 1928ರಲ್ಲಿ, ಎರಡು ಕೆಲಸ ಒಟ್ಟಿಗೆ ನಡೆದವು. ಸೈಮನ್ ಆಯೋಗಕ್ಕೆ ಬಹಿಷ್ಕೃತ ಹಿತಕಾರಿಣಿ ಸಭಾ ಎಂಬ ತಮ್ಮ ಸಂಘದ ಪರವಾಗಿ ಅಂಬೇಡ್ಕರ್ ಸಲ್ಲಿಸಿದ ಶಿಕ್ಷಣದ ಹೇಳಿಕೆಯಲ್ಲಿ ಧಾರವಾಡದ ಆ ಹುಡುಗನ ಪ್ರಕರಣವನ್ನು ಇಡೀ ಬಿಡಿಸಿಟ್ಟರು. ಅದೇ ವರ್ಷ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಎಂಬ ಸಂಸ್ಥೆ ಕಟ್ಟಿದರು. ಹೈಸ್ಕೂಲು ವಿದ್ಯಾರ್ಥಿಗಳಿಗಾಗಿ ಸರಕಾರದ ಅನುದಾನದೊಂದಿಗೆ ಅದು ನಡೆಸಿದ ವಸತಿಗೃಹಗಳು ಐದು: ಪನವೇಲ, ಠಾಣೆ, ನಾಸಿಕ, ಪುಣೆ, ಧಾರವಾಡ. ಕನ್ನಡ ಜಿಲ್ಲೆಗಳ ಪಾಲಿಗೆ ಬಂದದ್ದು ಒಂದೇ ಒಂದು. ಆಗ ಮುಂಬಯಿ ಕರ್ನಾಟಕದಲ್ಲಿ ಕಾಲೇಜು ಇದ್ದದ್ದೂ ಧಾರವಾಡದಲ್ಲಿ ಮಾತ್ರ, ಆದ್ದರಿಂದ ಈ ಆಯ್ಕೆ ಸಹಜವೇ. ಆದರೂ ಬಾಗಿಲು ಮುಚ್ಚಿಸಿಕೊಂಡ ಊರಿನಲ್ಲೇ ಎಪ್ಪತ್ತು ಚಿಲ್ಲರೆ ವರ್ಷದ ಮೇಲೆ ಒಲೆ ಹಚ್ಚಿದ್ದು ಬರಿಯ ಕಾಕತಾಳೀಯ ಎನ್ನಲು ನನಗೆ ಮನಸ್ಸು ಬಾರದು. ಪ್ರಕರಣದ ತಾರೀಖು, ನಿರ್ಣಯದ ಪ್ಯಾರಾ ಸಹಿತ ಬರೆದ ಮನುಷ್ಯ ಊರ ಹೆಸರು ಮರೆತಿರಲಾರ.

ಧಾರವಾಡದ ಬೋರ್ಡಿಂಗಿನ ಹೊಣೆ ಹೊತ್ತವರು ನಿಪ್ಪಾಣಿ ಕಡೆಯ ಬಳವಂತರಾವ ವರಾಳೆ. ಅಂಬೇಡ್ಕರರ ಹತ್ತಿರದ ಸಹವರ್ತಿ. 1937ರ ಚುನಾವಣೆಯಲ್ಲಿ ಬೆಳಗಾವಿ ಜಿಲ್ಲೆಯಿಂದ ಮುಂಬಯಿ ಶಾಸನಸಭೆಗೆ ಹೋದವರು. ಬೋರ್ಡಿಂಗಿನ ಸುಪರಿಂಟೆಂಡೆಂಟ್ ಎಂದರೆ ಇವತ್ತಿನ ಅರ್ಥದಲ್ಲಿ ಹಾಜರಿ ಹಾಕುವ ವಾರ್ಡನ್ ಎಂದುಕೊಳ್ಳಬಾರದು. ಜೋಳ, ಬೇಳೆ, ದೀಪದೆಣ್ಣೆ ಹೊಂದಿಸಬೇಕು. ಅನುದಾನಕ್ಕೆ ಲೆಕ್ಕ ಬರೆಯಬೇಕು. ಹಳ್ಳಿಗೆ ಹೋಗಿ, ದನ ಕಾಯುವ ಮಗನನ್ನು ಬಿಟ್ಟುಕೊಡಲು ಒಲ್ಲದ ತಂದೆಯ ಮುಂದೆ ಕೂತು ಮಾತಾಡಬೇಕು. ಸಾಲಿಯ ಹೆಡ್‌ಮಾಸ್ತರರ ಮುಂದೆ ಸರಕಾರದ ಹುಕುಮು ಹಿಡಿದು ನಿಲ್ಲಬೇಕು. 1858ರ ಆದೇಶಕ್ಕೆ ಧಾರವಾಡದಲ್ಲಿ ಕೈಕಾಲು ಬಂದದ್ದು ಇಂಥವರಿಂದ.

ಇದೇ ಕಾಲದಲ್ಲಿ ಮುಂಬಯಿ ಸರಕಾರ ದಲಿತ ವರ್ಗಗಳ ಸ್ಥಿತಿಯನ್ನು ನೋಡಲು ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿಯ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕೂರಿಸಿತು. ಅಂಬೇಡ್ಕರ್, ಠಕ್ಕರ್ ಬಾಪಾ ಇಬ್ಬರೂ ಅದರ ಸದಸ್ಯರು. 1930ರ ಅದರ ವರದಿ ಬೇರೆ ಸಾಲಿಗಳ ಬದಲು ಎಲ್ಲರಿಗೂ ಒಂದೇ ಸಾಲಿ ಎಂಬ ಕಡೆಗೆ ವಾಲಿತು. ಇಲ್ಲಿ ಒಂದು ವಿಚಿತ್ರವಿದೆ. ಈ ಸ್ಟಾರ್ಟ್ ಸಾಹೇಬ ಅದಕ್ಕೂ ಮೊದಲು ಮುಂಬಯಿ ಇಲಾಖೆಯ ‘ಅಪರಾಧಿ ಬುಡಕಟ್ಟು’ಗಳ ಸೆಟ್ಲಮೆಂಟುಗಳನ್ನು ನೋಡಿಕೊಂಡವನು. ಹುಬ್ಬಳ್ಳಿಯಲ್ಲೂ ಅಂಥದೊಂದಿತ್ತು. ಸೆಟ್ಲಮೆಂಟ್ ಎಂದರೆ ಇವತ್ತಿಗೂ ಹುಬ್ಬಳ್ಳಿಯ ಆಟೋದವರು ನೇರ ಅಲ್ಲಿಗೇ ಒಯ್ಯುತ್ತಾರೆ. ಹುಟ್ಟಿದ ಜಾತಿಯ ಕಾರಣಕ್ಕೇ ಇಡೀ ಕುಟುಂಬಗಳನ್ನು ಕಳ್ಳರೆಂದು ದಾಖಲಿಸಿ, ಕಣ್ಗಾವಲಿನಲ್ಲಿಟ್ಟು, ಹೊರಗೆ ಹೋಗಲು ಪಾಸು ಕೇಳಿದ್ದು ಅಪರಾಧಿ ಬುಡಕಟ್ಟುಗಳ ಕಾಯಿದೆ. ರದ್ದಾದದ್ದು 1952ರ ಆಗಸ್ಟ್ 31ಕ್ಕೆ, ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ. ಕಾಯಿದೆ ಎಂದರೆ ಯಾವಾಗಲೂ ಬೇಲಿ ಕೀಳುವ ಕೈ ಎಂದು ತಿಳಿಯಬಾರದು. ಹುಬ್ಬಳ್ಳಿಯಲ್ಲಿ ಬೇಲಿ ಹಾಕಿದ್ದೂ ಕಾಯಿದೆಯೇ.

ರಸ್ತೆಯ ಇನ್ನೊಂದು ತುದಿಗೆ, ಹುಬ್ಬಳ್ಳಿಗೆ, ಗಾಂಧೀಜಿಯ ದಾರಿಯಿಂದ ಬಂದ ಸಂಸ್ಥೆಯಿದೆ. 1932ರ ಪುಣೆ ಒಪ್ಪಂದದ ನಂತರ ಹರಿಜನ ಸೇವಕ ಸಂಘ ಹುಟ್ಟಿತು. 1933ರ ನವೆಂಬರಿನಲ್ಲಿ ವಾರ್ಧಾದಿಂದ ಹೊರಟ ಗಾಂಧೀಜಿಯ ಹರಿಜನ ಯಾತ್ರೆ 1934ರ ಮೊದಲ ತಿಂಗಳುಗಳಲ್ಲಿ ಕರ್ನಾಟಕದಲ್ಲಿ ಹಾಯ್ದುಹೋಯಿತು. ಆ ದಶಕದಲ್ಲಿ ಸರದಾರ ವೀರನಗೌಡ ಪಾಟೀಲ ಮತ್ತು ನಾಗಮ್ಮತಾಯಿ ಪಾಟೀಲ ದಂಪತಿ ಹುಬ್ಬಳ್ಳಿಯಲ್ಲಿ ಹರಿಜನ ಬಾಲಿಕಾಶ್ರಮ ನಡೆಸಿದರು. ಮಹಿಳಾ ವಿದ್ಯಾಪೀಠವೂ ಅವರದೇ ದುಡಿಮೆ. ಲಿಂಗಾಯತ ಗೌಡರ ಮನೆಯವರು ಕೇರಿಯ ಹೆಣ್ಣುಮಕ್ಕಳನ್ನು ಕರೆತಂದು, ಒಂದೇ ಸೂರಿನಡಿ ಉಂಡು ಬದುಕುವುದೆಂದರೆ ಆಗ ಬಂಧುಬಳಗದ ಎದುರು ಏನೇನು ಕೇಳಿಸಿಕೊಂಡಿರಬೇಕು ಎಂದು ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಬೇಡ್ಕರರ ಬೋರ್ಡಿಂಗುಗಳು ಹೈಸ್ಕೂಲು ಹುಡುಗರ ಸಲುವಾಗಿದ್ದವು. ಹುಡುಗಿಯರ ಮಟ್ಟಿಗೆ ಹುಬ್ಬಳ್ಳಿಯ ಆಶ್ರಮವೇ ಮುಂದಿತ್ತು.

ಸ್ಮರಣ ಸಂಚಿಕೆಗಳಲ್ಲಿ ಗಾಂಧಿ, ಅಂಬೇಡ್ಕರ್ ಇಬ್ಬರನ್ನೂ ಒಂದೇ ಹಾರದಲ್ಲಿ ಪೋಣಿಸಿ ಮುಗಿಸುವ ರೂಢಿಯಿದೆ. ಅದು ಇಬ್ಬರಿಗೂ ಅನ್ಯಾಯ. ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆಯಲ್ಲಿ ಅವರ ಜಗಳ ನಿಜವಾದ ಜಗಳ. ‘ಹರಿಜನ’ ಎಂಬ ಹೆಸರನ್ನು ಅಂಬೇಡ್ಕರರ ಕಡೆಯವರು ಒಪ್ಪಲಿಲ್ಲ. ಹರಿಜನ ಸೇವಕ ಸಂಘದ ಆಡಳಿತ ಸವರ್ಣರ ಕೈಯಲ್ಲೇ ಉಳಿಯಿತೆಂಬ ಅವರ ದೂರಿನಲ್ಲೂ ಹುರುಳಿತ್ತು. ಬೋರ್ಡಿಂಗು ನಡೆಸುವವನು ಕೇರಿಯಿಂದಲೇ ಬಂದವನಾದಾಗ ಹುಡುಗ ಕಲಿಯುವ ಪಾಠವೇ ಬೇರೆ. ದೊಡ್ಡ ಮನೆಯವರ ಕರುಣೆಯಲ್ಲಿ ಉಂಡಾಗ ಕಲಿಯುವುದೇ ಬೇರೆ. ನನ್ನ ಓಟು ವರಾಳೆಯವರ ಕಡೆಗೆ. ಆದರೆ ಎರಡೂ ಕಡೆ ರೊಟ್ಟಿ ಬೆಂದಿತು, ಎರಡೂ ಕಡೆಯ ಮಕ್ಕಳು ಒಂದೇ ಸರಕಾರಿ ಪರೀಕ್ಷೆಗೆ ಕೂತರು ಎಂಬುದನ್ನೂ ಹೇಳದಿದ್ದರೆ ಲೆಕ್ಕ ತಪ್ಪುತ್ತದೆ.

ಕಾಯಿದೆಗಳು ಒಂದರ ಹಿಂದೊಂದು ಬಂದವು. 1938ರ ಮುಂಬಯಿಯ ದೇವಾಲಯ ಕಾಯಿದೆ ಹೆದರುತ್ತ ಹೆದರುತ್ತ ಬಂದದ್ದು: ದೇವಸ್ಥಾನದವರು ಮನಸ್ಸು ಮಾಡಿದರೆ ತೆರೆಯಬಹುದು ಎಂದಿತು. 1946ರ ಸಾಮಾಜಿಕ ಅನರ್ಹತೆ ನಿವಾರಣಾ ಕಾಯಿದೆ, 1947ರ ದೇವಾಲಯ ಪ್ರವೇಶ ಕಾಯಿದೆಗಳಲ್ಲಿ ‘ಬಹುದು’ ಹೋಗಿ ಶಿಕ್ಷೆ ಬಂತು. ಸಂವಿಧಾನದ 17ನೆಯ ವಿಧಿ ಎಲ್ಲರ ಬಾಯಲ್ಲಿದೆ. ಧಾರವಾಡದವರು ಅದಕ್ಕಿಂತ 29ನೆಯ ವಿಧಿಯ ಎರಡನೆಯ ಖಂಡವನ್ನು ಮನಸ್ಸಿಟ್ಟು ಓದಬೇಕು. ಸರಕಾರ ನಡೆಸುವ ಅಥವಾ ಸರಕಾರದ ನೆರವು ಪಡೆಯುವ ಯಾವ ಶಿಕ್ಷಣಸಂಸ್ಥೆಯೂ ಧರ್ಮ, ಜನಾಂಗ, ಜಾತಿ, ಭಾಷೆಗಳ ಕಾರಣಕ್ಕಾಗಿಯೇ ಯಾರಿಗೂ ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ ಅದು. 1955ರ ಜೂನ್ 1ರಿಂದ ಜಾರಿಗೆ ಬಂದ ಅಸ್ಪೃಶ್ಯತಾ (ಅಪರಾಧಗಳ) ಕಾಯಿದೆಯ 5ನೆಯ ಕಲಮು ಸಾಲಿ, ಆಸ್ಪತ್ರೆಗಳ ಜೊತೆಗೆ ಅವಕ್ಕೆ ಸೇರಿದ ಹಾಸ್ಟೆಲನ್ನೂ ಹೆಸರಿಸಿತು. ಬಾಗಿಲಿನ ಜೊತೆ ಊಟ, ನಿದ್ದೆಗಳೂ ಶಾಸನದ ಭಾಷೆಗೆ ಬರಲು ಮೊದಲ ಆದೇಶದಿಂದ ಹಿಡಿದರೆ ತೊಂಬತ್ತೇಳು ವರ್ಷ ಬೇಕಾಯಿತು.

ಅದೇ 1955ರ ಡಿಸೆಂಬರಿನಲ್ಲಿ ಅಮೆರಿಕದ ಮಾಂಟ್ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಎಂಬ ಕರಿಯ ಹೆಣ್ಣುಮಗಳು ಬಿಳಿಯನಿಗಾಗಿ ಬಸ್ಸಿನ ಸೀಟು ಬಿಟ್ಟೇಳಲಿಲ್ಲ. ಕರಿಯರು 381 ದಿನ ಬಸ್ಸು ಹತ್ತದೆ ನಡೆದರು. ಬೀದಿಯಲ್ಲಿ ನಡಿಗೆ, ಕೋರ್ಟಿನಲ್ಲಿ ದಾವೆ: ಮಹಾಡದ ಜೋಡಿಯೇ. ಬಸ್ಸಿನ ಭೇದ ನಿಂತದ್ದು ಸುಪ್ರೀಂ ಕೋರ್ಟಿನ ತೀರ್ಪಿನಿಂದ, ಆದರೆ ಆ ನಡಿಗೆ ಇಲ್ಲದಿದ್ದರೆ ತೀರ್ಪನ್ನು ಜಾರಿಗೆ ತರುವ ಹುಮ್ಮಸ್ಸು ಎಲ್ಲಿಂದ ಬರಬೇಕಿತ್ತು? 1957ರಲ್ಲಿ ಲಿಟ್ಲ್ ರಾಕ್ ಎಂಬಲ್ಲಿ ಒಂಬತ್ತು ಕರಿಯ ಮಕ್ಕಳನ್ನು ಸಾಲಿಯೊಳಗೆ ಕರೆದೊಯ್ಯಲು ಅಧ್ಯಕ್ಷ ಐಸೆನ್‌ಹೋವರ್ ಸೈನ್ಯ ಕಳಿಸಬೇಕಾಯಿತು. ಹಿಂದಿನಿಂದ ಬಂದ ಪೂರ್ವಗ್ರಹಕ್ಕೆ ಸರಕಾರ ಕೈಹಾಕಬಾರದು ಎಂಬ ವಾದಕ್ಕೆ ಅದೇ ಜವಾಬು. 1959ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭಾರತಕ್ಕೆ ಬಂದಾಗ ಕೇರಳದ ದಲಿತ ಮಕ್ಕಳ ಸಾಲಿಯೊಂದರಲ್ಲಿ ಅವರನ್ನು ಅಮೆರಿಕದ ಅಸ್ಪೃಶ್ಯರೆಂದೇ ಪರಿಚಯಿಸಿದರಂತೆ. ಮೊದಲು ಚುರುಕ್ಕೆಂದಿತು, ಆಮೇಲೆ ಅದು ನಿಜವೆಂದು ತಿಳಿಯಿತು ಎಂದು ಅವರೇ ಮುಂದೆ ಹೇಳಿಕೊಂಡರು. ಅದಕ್ಕೂ ಮೊದಲು, 1946ರಲ್ಲಿ, ನೀಗ್ರೋಗಳು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿ ಅಂಬೇಡ್ಕರ್ ಅಲ್ಲಿನ ಕರಿಯ ಚಿಂತಕ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರಿಗೆ ಬರೆದಿದ್ದರು.

ವರ್ಣಭೇದವೆಂದರೆ ಹೊರದೇಶದ ಸುದ್ದಿ ಎನ್ನುವವರು ಹುಬ್ಬಳ್ಳಿಯಿಂದ ಕಲಘಟಗಿ ಕಡೆಯ ಬಸ್ಸು ಹತ್ತಬೇಕು. ಆಫ್ರಿಕದ ಮೂಲದ ಸಿದ್ದಿ ಜನ ಅಲ್ಲಿದ್ದಾರೆ, ಪಕ್ಕದ ಯಲ್ಲಾಪುರ, ಹಳಿಯಾಳಗಳಲ್ಲೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಧಾರವಾಡ, ಬೆಳಗಾವಿ ಜಿಲ್ಲೆಯವರಿಗೆ 2020ರ ತಿದ್ದುಪಡಿಯ ತನಕ ಸಿಗಲಿಲ್ಲ. ಅಲ್ಲಿಯವರೆಗೆ ಅಕ್ಕ ಯಲ್ಲಾಪುರಕ್ಕೆ, ತಂಗಿ ಕಲಘಟಗಿಗೆ ಕೊಟ್ಟ ಹೆಣ್ಣಾದರೆ ಒಬ್ಬಳ ಮಕ್ಕಳಿಗೆ ಪ್ರಮಾಣಪತ್ರವಿತ್ತು, ಇನ್ನೊಬ್ಬಳ ಮಕ್ಕಳಿಗೆ ಇರಲಿಲ್ಲ. ಪ್ರಮಾಣಪತ್ರ ಇಲ್ಲದಿದ್ದರೆ ಆ ಪಾಲಿನ ಹಾಸ್ಟೆಲಿನ ಸೀಟೂ ಇಲ್ಲ. ಹದಿನೇಳು ವರ್ಷ ಅಂದರೆ ಒಂದು ಮಗು ಅಂಗನವಾಡಿಯಿಂದ ಡಿಗ್ರಿಯ ತನಕ ಬೆಳೆಯುವ ಕಾಲ.

ಕೋರ್ಟಿನ ಕಡೆ ಕರ್ನಾಟಕದ ಹೆಸರು ದೊಡ್ಡದಾಗಿಯೇ ಇದೆ. ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1957ರಲ್ಲಿ ಪಂಗಡದ ಹಕ್ಕಿಗಿಂತ ಎಲ್ಲರ ಪ್ರವೇಶದ ಹಕ್ಕು ಮೇಲು ಎಂದಿತು. ಅಪ್ಪಾ ಬಾಳು ಇಂಗಳೆ ಪ್ರಕರಣ ನಮಗೆ ಇನ್ನೂ ಹತ್ತಿರದ್ದು. ಹೊಸದಾಗಿ ಕೊರೆಸಿದ ಬೋರ್‌ವೆಲ್ಲಿನ ನೀರು ತುಂಬಲು ಬಂದ ದಲಿತರನ್ನು ಬಂದೂಕು ತೋರಿಸಿ ತಡೆದರು. ಕೆಳಗಿನ ಕೋರ್ಟುಗಳು ಶಿಕ್ಷೆ ಕೊಟ್ಟವು, ಹೈಕೋರ್ಟು ಬಿಟ್ಟಿತು, 1992ರ ಡಿಸೆಂಬರ್ 1ರಂದು ಸುಪ್ರೀಂ ಕೋರ್ಟು ಶಿಕ್ಷೆಯನ್ನು ಮತ್ತೆ ಎತ್ತಿಹಿಡಿಯಿತು. ಧಾರವಾಡಕ್ಕೆ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ಹಿಂಸೆಗೆ ಕೊಪ್ಪಳದ ಕೋರ್ಟು 2024ರ ಅಕ್ಟೋಬರಿನಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿದಾಗ ಮೇಲ್ಮನವಿ ಬಂದದ್ದು ಈ ಪೀಠಕ್ಕೇ. ಬಳವಂತರಾವ ವರಾಳೆಯವರ ಮೊಮ್ಮಗ ಪ್ರಸನ್ನ ವರಾಳೆ 2022ರ ಅಕ್ಟೋಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು, 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅಜ್ಜ ಧಾರವಾಡದಲ್ಲಿ ಬೋರ್ಡಿಂಗಿನ ಲೆಕ್ಕ ಬರೆದವರು, ಮೊಮ್ಮಗ ಅದೇ ಧಾರವಾಡದ ಪೀಠಕ್ಕೂ ಮುಖ್ಯಸ್ಥರಾಗಿದ್ದರು. ಬೋರ್ಡಿಂಗುಗಳು ಏನು ಮಾಡಿದವು ಎಂದು ಕೇಳುವವರಿಗೆ ಇದೊಂದು ಉದಾಹರಣೆ ಸಾಕು.

ಈಗ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಿವೆ, ಅರ್ಜಿ ಹಾಕಿದವರಿಗೆಲ್ಲ ಸೀಟು ಸಿಗುವುದಿಲ್ಲ. ಸಿಗದವರು ವಿದ್ಯಾನಗರ, ಉಣಕಲ್ಲು, ಬೈರಿದೇವರಕೊಪ್ಪ, ನವನಗರಗಳಲ್ಲಿ ಬಾಡಿಗೆ ಕೋಣೆ ಹುಡುಕುತ್ತಾರೆ. ಇಲ್ಲಿಗೆ ಕಥೆ ಸಾಲಿಯ ಬಾಗಿಲಿನಿಂದ ಮನೆಯ ಬಾಗಿಲಿಗೆ ಬಂದಿದೆ. ಮನೆಯಾಕೆ ಮೊದಲು ಊರು ಕೇಳುತ್ತಾಳೆ, ಆಮೇಲೆ ಅಡ್ಡಹೆಸರು, ಆಮೇಲೆ ‘ನೀವು ಯಾವ ಪೈಕಿರಿ?’ ಎನ್ನುತ್ತಾಳೆ. ಹುಡುಗ ನಿಜ ಹೇಳಿದರೆ, ‘ಅಯ್ಯ, ರೂಮು ನಿನ್ನೆನೇ ಕೊಟ್ಟಬಿಟ್ಟೇವ್ರಿ’. ಜಾತಿಯ ಕಾರಣಕ್ಕೆ ಕೊಡುವುದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಅಪರಾಧವೆಂದು ಎಲ್ಲರಿಗೂ ಗೊತ್ತಿದೆ, ಕಾಯಿದೆಯ ಪ್ರಭಾವ ಅಷ್ಟರಮಟ್ಟಿಗೆ ಆಗಿದೆ.

ಕಾಯಿದೆಯಲ್ಲಿ ಕೊರತೆಯಿಲ್ಲ. 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದು ಹೆಸರಾದ 1955ರ ಶಾಸನದ 4ನೆಯ ಕಲಮು ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಪಡೆಯುವುದಕ್ಕೆ, ಅದರಲ್ಲಿ ಇರುವುದಕ್ಕೆ ಅಡ್ಡಿಮಾಡುವುದನ್ನೂ ಅಪರಾಧದ ಪಟ್ಟಿಗೆ ಸೇರಿಸಿದೆ. 12ನೆಯ ಕಲಮು ಇನ್ನೂ ಮುಂದೆ ಹೋಗಿ, ಪರಿಶಿಷ್ಟ ಜಾತಿಯವರ ವಿಷಯದಲ್ಲಿ ಅಂಥ ಕೃತ್ಯ ನಡೆದದ್ದು ಸಾಬೀತಾದರೆ ಅದಕ್ಕೆ ಅಸ್ಪೃಶ್ಯತೆಯೇ ಕಾರಣವೆಂದು ಕೋರ್ಟು ಭಾವಿಸಿಕೊಳ್ಳಬೇಕು, ಅಲ್ಲವೆಂದು ತೋರಿಸುವ ಹೊಣೆ ಆರೋಪಿಯದು ಎನ್ನುತ್ತದೆ. ತೊಡಕಿರುವುದು ಕೃತ್ಯವನ್ನೇ ತೋರಿಸುವುದರಲ್ಲಿ. ಪರೀಕ್ಷೆ ಹತ್ತಿರ ಬಂದ ಹುಡುಗ ಠಾಣೆ ಹತ್ತುವನೇ? ‘ನಿನ್ನೆ ಕೊಟ್ಟೆವು’ ಎಂಬುದು ಸುಳ್ಳೆಂದು ಹೇಗೆ ತೋರಿಸುವನು?

ಇದಕ್ಕೆ ಅಮೆರಿಕದವರು ಒಂದು ಉಪಾಯ ಕಂಡುಕೊಂಡಿದ್ದಾರೆ. ಕಿಂಗ್ ಹತ್ಯೆಯಾದ ವಾರದೊಳಗೆ, 1968ರ ಏಪ್ರಿಲಿನಲ್ಲಿ, ಮನೆ ಬಾಡಿಗೆಯಲ್ಲಿ ಭೇದವನ್ನು ನಿಷೇಧಿಸುವ ಕಾಯಿದೆ ಅಲ್ಲಿ ಬಂತು. ಅದರ ಜಾರಿಗೆಂದು ಸಂಘಸಂಸ್ಥೆಗಳು ಒಂದೇ ಸಂಬಳ, ಒಂದೇ ವಯಸ್ಸಿನ ಇಬ್ಬರನ್ನು, ಒಬ್ಬ ಕರಿಯ ಒಬ್ಬ ಬಿಳಿಯ, ಅದೇ ಮನೆಗೆ ಒಂದೇ ದಿನ ಹಿಂದುಮುಂದಾಗಿ ಕಳಿಸಿ, ಇಬ್ಬರಿಗೂ ಸಿಕ್ಕ ಉತ್ತರ ಬರೆದಿಡತೊಡಗಿದವು. ಹೀಗೆ ಪರೀಕ್ಷಿಸಲೆಂದೇ ಹೋದವರಿಗೂ ದಾವೆ ಹೂಡುವ ಹಕ್ಕಿದೆ ಎಂದು ಅಲ್ಲಿನ ಸುಪ್ರೀಂ ಕೋರ್ಟು 1982ರಲ್ಲಿ ಹೇಳಿತು. ನವನಗರದ ಕಾನೂನು ವಿದ್ಯಾರ್ಥಿಗಳು ಇಲ್ಲಿಂದ ನಡೆದುಬರುವಷ್ಟು ದೂರದಲ್ಲಿದ್ದಾರೆ. ಕಾನೂನು ನೆರವು ಅವರ ಪಠ್ಯದಲ್ಲಿಯೇ ಇದೆ. ಬರುವ ಜೂನಿನಲ್ಲಿ, ಕೋಣೆ ಹುಡುಕುವ ಕಾಲಕ್ಕೆ, ನಾಲ್ಕು ಜೋಡಿ ಹುಡುಗರು, ನಾಲ್ಕು ಜೋಡಿ ಹುಡುಗಿಯರು, ಒಂದು ವಹಿ ಇದ್ದರೆ ಈ ಕೆಲಸ ಬೈರಿದೇವರಕೊಪ್ಪದ ಬಸ್‌ಸ್ಟಾಪಿನಿಂದಲೇ ಶುರುಮಾಡಬಹುದು.